ಗೇಟಿನ ಹೊರಗೆ ಒಂದು ಲೆಕ್ಕ, ಒಳಗೆ ಇನ್ನೊಂದು: ವನ್ಯಧಾಮಕ್ಕೆ ಹೋಗುವ ವಾಹನಗಳ ಕುರಿತು

ಪ್ರಶ್ನೆ: ನಾನು ಗಂಗಾವತಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಕಳೆದ ಚಳಿಗಾಲದಲ್ಲಿ ಒಂಬತ್ತನೆಯ ತರಗತಿಯ ಮಕ್ಕಳನ್ನು ವನ್ಯಧಾಮವೊಂದಕ್ಕೆ ಕರೆದುಕೊಂಡು ಹೋಗಿದ್ದೆವು. ಮುಂದೆ ಸಾಲುಗಟ್ಟಿದ್ದ ಕಾರುಗಳ ಧೂಳಿನಲ್ಲಿ ಗಿಡಗಳ ಎಲೆಯ ಬಣ್ಣವೇ ಕಾಣುತ್ತಿರಲಿಲ್ಲ. ಹಿಂದಿರುಗುವಾಗ ಒಬ್ಬ ಹುಡುಗಿ, "ನಾವು ಪ್ರಾಣಿ ನೋಡೋಕೆ ಹೋಗಿದ್ದರಿಂದ ಪ್ರಾಣಿಗಳಿಗೇ ತೊಂದರೆ ಆಯ್ತಲ್ಲ ಟೀಚರ್" ಎಂದಳು. ಇಂಥ ಜಾಗಗಳಿಗೆ ಹೋಗುವ ವಾಹನಗಳನ್ನೆಲ್ಲ ವಿದ್ಯುತ್ ವಾಹನಗಳನ್ನಾಗಿ ಬದಲಿಸಿದರೆ ಈ ತೊಂದರೆ ತಪ್ಪುತ್ತದೆಯೇ? ನಮ್ಮ ತಾಲ್ಲೂಕಿನ ಬಂಕಾಪುರ ತೋಳಧಾಮಕ್ಕೂ ಸಫಾರಿ ಬರಲಿ ಎಂಬ ಮಾತು ಊರಿನಲ್ಲಿದೆ. ಪಂಚಾಯಿತಿಯವರು ಶಾಲೆಯ ಅಭಿಪ್ರಾಯ ಕೇಳಿದರೆ ನಾವು ಏನು ಹೇಳಬೇಕು?

ಉತ್ತರ: ನಿಮ್ಮ ವಿದ್ಯಾರ್ಥಿನಿ ಹೇಳಿದ್ದು ನಿಜ, ತೊಂದರೆ ಆಗಿದೆ. ಆದರೆ ವಿದ್ಯುತ್ ವಾಹನದಿಂದಲೇ ಅದು ತಪ್ಪುತ್ತದೆಯೇ ಎಂದು ಕೇಳಿದರೆ, ಬಹುಪಾಲು ತಪ್ಪುವುದಿಲ್ಲ ಎಂದೇ ಹೇಳಬೇಕಾಗುತ್ತದೆ. ವನ್ಯಧಾಮಕ್ಕೆ ಹೋಗಿಬರುವ ಪ್ರಯಾಣದಲ್ಲಿ ಎರಡು ಬೇರೆ ಬೇರೆ ಸಮಸ್ಯೆಗಳಿವೆ. ಮನೆಯಿಂದ ಅರಣ್ಯ ಇಲಾಖೆಯ ಗೇಟಿನವರೆಗಿನ ದಾರಿಯಲ್ಲಿ ನಾವು ಮಾಡುವ ಹಾನಿ ಹೆಚ್ಚಾಗಿ ಇಂಧನದ್ದು. ಗೇಟು ದಾಟಿದ ಮೇಲೆ ಇಂಧನದ ಪಾಲು ಸಣ್ಣದಾಗಿ, ವಾಹನಗಳ ಸಂಖ್ಯೆ, ಅವುಗಳ ವೇಗ, ಅವು ಓಡಾಡುವ ಹೊತ್ತು ಮತ್ತು ಅವು ನಿಲ್ಲುವ ಜಾಗ ಮುಖ್ಯವಾಗುತ್ತವೆ. ಈ ಎರಡಕ್ಕೂ ಒಂದೇ ಮದ್ದು ಕೊಡಲು ಹೋದುದರಿಂದಲೇ ಅನೇಕ ಯೋಜನೆಗಳು ಹಣ ಖರ್ಚು ಮಾಡಿಯೂ ಫಲ ಕೊಟ್ಟಿಲ್ಲ. ಆದ್ದರಿಂದ ಎರಡನ್ನೂ ಬಿಡಿಸಿಟ್ಟುಕೊಂಡು ನೋಡೋಣ.

ಮೊದಲು ಗೇಟಿನ ಹೊರಗಿನ ಲೆಕ್ಕ. ಇದನ್ನು ನಿಮ್ಮ ಮಕ್ಕಳೇ ತರಗತಿಯಲ್ಲಿ ಮಾಡಬಹುದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಡೀಸೆಲ್ ಆದರೆ ಸುಮಾರು 2.7 ಕಿಲೋಗ್ರಾಂ. ಮುಕ್ಕಾಲು ಕಿಲೋ ತೂಗುವ ಪೆಟ್ರೋಲಿನಿಂದ ಎರಡು ಕಿಲೋಗೂ ಮೀರಿದ ಅನಿಲ ಹೇಗೆ ಬಂತು ಎಂದು ಚುರುಕಾದ ಮಗು ಕೇಳಿಯೇ ಕೇಳುತ್ತದೆ. ಇಂಧನದಲ್ಲಿರುವ ಇಂಗಾಲ ಉರಿಯುವಾಗ ಗಾಳಿಯಲ್ಲಿರುವ ಆಮ್ಲಜನಕವನ್ನು ಕೂಡಿಸಿಕೊಳ್ಳುವುದರಿಂದ ತೂಕ ಹೆಚ್ಚಾಗುತ್ತದೆ ಎಂಬ ವಿವರಣೆ ರಸಾಯನಶಾಸ್ತ್ರದ ಪಾಠಕ್ಕೂ ಒದಗಿ ಬರುತ್ತದೆ. ಈಗ ಹೋಗಿ ಬರಲು ಒಟ್ಟು 100 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಲೀಟರಿಗೆ 15 ಕಿಲೋಮೀಟರ್ ಓಡುವ ಪೆಟ್ರೋಲ್ ಕಾರಿನಲ್ಲಿ ಮೂವರು ಹೋದರೆ ತಲೆಗೆ 5 ಕಿಲೋಗ್ರಾಂಗಿಂತ ಸ್ವಲ್ಪ ಹೆಚ್ಚು ಬೀಳುತ್ತದೆ. ಲೀಟರಿಗೆ ನಾಲ್ಕೂವರೆ ಕಿಲೋಮೀಟರ್ ಓಡುವ ಡೀಸೆಲ್ ಬಸ್ಸಿನಲ್ಲಿ 45 ಮಂದಿ ಕುಳಿತರೆ ತಲೆಗೆ 1.3 ಕಿಲೋಗ್ರಾಂ ಆಸುಪಾಸು. ಇನ್ನು ಅದೇ ಮೂವರು ವಿದ್ಯುತ್ ಕಾರಿನಲ್ಲಿ ಹೋದರೆ? ಸಣ್ಣ ವಿದ್ಯುತ್ ಕಾರು 100 ಕಿಲೋಮೀಟರಿಗೆ ಸುಮಾರು 15 ಯೂನಿಟ್ ವಿದ್ಯುತ್ ಬಳಸುತ್ತದೆ. ನಮ್ಮ ದೇಶದ ಜಾಲದಿಂದ ಬರುವ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸರಾಸರಿ 0.7 ಕಿಲೋಗ್ರಾಂನಷ್ಟು ಇಂಗಾಲದ ಡೈಆಕ್ಸೈಡ್ ಇರುತ್ತದೆ. ಆ ಲೆಕ್ಕದಲ್ಲಿ ತಲೆಗೆ ಮೂರೂವರೆ ಕಿಲೋಗ್ರಾಂ ಆಗುತ್ತದೆ. ಅಂದರೆ ತುಂಬಿದ ಹಳೆಯ ಡೀಸೆಲ್ ಬಸ್ಸು, ಮೂವರಿರುವ ಹೊಸ ವಿದ್ಯುತ್ ಕಾರಿಗಿಂತ ಎರಡು ಪಟ್ಟಿಗೂ ಮೀರಿ ಹಗುರ.

ಈ ವಿದ್ಯುತ್ತಿನ ಮೂಲ ನಮ್ಮ ಭಾಗದವರಿಗೆ ದೂರದ ಮಾತಲ್ಲ. ರಾಯಚೂರಿನ ಶಕ್ತಿನಗರದ 1,720 ಮೆಗಾವಾಟ್ ಸ್ಥಾವರ, ಬಳ್ಳಾರಿ ಪಕ್ಕದ ಕುಡತಿನಿಯ ಸ್ಥಾವರ, ಯರಮರಸ್ ಸ್ಥಾವರ, ಈ ಮೂರೂ ಕಲ್ಲಿದ್ದಲು ಉರಿಸಿ ವಿದ್ಯುತ್ ಮಾಡುವಂಥವು. ಕುಡತಿನಿಯ ರಸ್ತೆಯಲ್ಲಿ ಓಡಾಡಿದ ಯಾರೂ ಆ ಹೊಗೆಕೊಳವೆಗಳನ್ನು ಮರೆಯಲಾರರು. ಹೊಗೆ ಕಾಡಿನ ಬದಲು ನಮ್ಮ ಊರಿನ ಮೇಲೆ ಬಿಟ್ಟುಕೊಂಡರೆ ಒಟ್ಟು ಲೆಕ್ಕದಲ್ಲಿ ಉಳಿಯುವುದು ಮೂರನೆಯ ಒಂದು ಭಾಗ ಮಾತ್ರ. ಅದೇನೂ ಕಡಿಮೆಯಲ್ಲ, ಬಿಸಿಲಿಗೆ ಕೊರತೆಯಿಲ್ಲದ ನಮ್ಮ ಜಿಲ್ಲೆಗಳಲ್ಲಿ ವಾಹನ ನಿಲುಗಡೆಯ ಚಾವಣಿಯ ಮೇಲೆಯೇ ಸೌರಫಲಕ ಹಾಕಿ ಬ್ಯಾಟರಿ ತುಂಬಿಸಿದರೆ ಉಳಿತಾಯ ಇನ್ನೂ ಬಹಳ ಹೆಚ್ಚುತ್ತದೆ. ಆದರೂ ಮೊದಲ ಹೆಜ್ಜೆ ಆಸನಗಳನ್ನು ತುಂಬಿಸುವುದು. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳು ಈಗಾಗಲೇ ಓಡುತ್ತಿರುವ ದಾರಿಗಳಲ್ಲಿ, ರಜಾದಿನಗಳ ಮಧ್ಯಾಹ್ನ ಹೊಸಪೇಟೆಯಿಂದಲೋ ಗಂಗಾವತಿಯಿಂದಲೋ ಹೊರಟು ಸಂಜೆ ಕತ್ತಲಾಗುವ ಮೊದಲು ಮರಳುವ ಒಂದೆರಡು ಬಸ್ಸುಗಳ ವೇಳೆಯನ್ನು ವನ್ಯಧಾಮದ ವೇಳೆಗೆ ಹೊಂದಿಸಿಕೊಟ್ಟರೆ, ಅದು ಇಪ್ಪತ್ತು ವಿದ್ಯುತ್ ಕಾರುಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಜೂನ್ 2023ರಿಂದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಪ್ರಯಾಣ ಉಚಿತವಾಗಿರುವುದರಿಂದ, ಕುಟುಂಬವೊಂದಕ್ಕೆ ಕಾರಿನ ಬಾಡಿಗೆಗಿಂತ ಬಸ್ಸು ಎಷ್ಟು ಅಗ್ಗ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಬಸ್ಸು ಗೇಟಿನ ತನಕ ಹೋಗುವುದಿಲ್ಲ, ಹೋದರೂ ಮರಳುವ ಹೊತ್ತಿಗೆ ಇರುವುದಿಲ್ಲ ಎಂಬ ಭಯವೇ ಜನರನ್ನು ಕಾರಿಗೆ ಹತ್ತಿಸುತ್ತದೆ. ಕೊನೆಯ ಮೂರು ನಾಲ್ಕು ಕಿಲೋಮೀಟರಿಗೆ ನಂಬಿಕೆಯ ವ್ಯವಸ್ಥೆ ಇಲ್ಲದಿದ್ದರೆ ಹಿಂದಿನ ಐವತ್ತು ಕಿಲೋಮೀಟರನ್ನೂ ಬಸ್ಸು ಕಳೆದುಕೊಳ್ಳುತ್ತದೆ.

ಇನ್ನು ಗೇಟಿನ ಒಳಗೆ ಬರೋಣ. ಇಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬೇಕಾಗಿದೆ, ಏಕೆಂದರೆ ಕಣ್ಣಿಗೆ ಕಾಣದ ಹಾನಿ ಇಲ್ಲಿಯೇ ಹೆಚ್ಚು.

ಧೂಳಿನಿಂದಲೇ ಆರಂಭಿಸುತ್ತೇನೆ. ನಾನು ಬೆಳೆದದ್ದು ಸಂಡೂರಿನ ಕಡೆ. ಅದಿರು ಲಾರಿಗಳು ಹಗಲಿರುಳು ಓಡುತ್ತಿದ್ದ ಕಾಲದಲ್ಲಿ ರಸ್ತೆಬದಿಯ ಬೇವಿನ ಎಲೆಗಳು ಹಸಿರಾಗಿರುವುದನ್ನು ನಾವು ಮಳೆ ಬಿದ್ದ ಮರುದಿನ ಮಾತ್ರ ಕಾಣುತ್ತಿದ್ದೆವು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದ ನಂತರ ಅದಿರನ್ನು ಲಾರಿಯ ಬದಲು ರೈಲಿನಲ್ಲಿ ಮತ್ತು ಕನ್ವೇಯರಿನಲ್ಲಿ ಸಾಗಿಸಬೇಕೆಂಬ ಮಾತಿಗೆ ತೂಕ ಬಂದದ್ದು ಇದೇ ಧೂಳಿನಿಂದ. ಎಲೆಯ ಮೇಲೆ ಕುಳಿತ ಧೂಳು ಬೆಳಕನ್ನು ತಡೆಯುತ್ತದೆ, ಎಲೆಯ ರಂಧ್ರಗಳನ್ನು ಮುಚ್ಚುತ್ತದೆ, ಹೂವಿನ ಮೇಲೆ ಕುಳಿತರೆ ಜೇನು ಬರುವುದೂ ಕಡಿಮೆಯಾಗುತ್ತದೆ. ಅದಿರಿನ ಧೂಳಾದರೂ ಪ್ರವಾಸಿಗರ ಕ್ರೂಸರ್ ಎಬ್ಬಿಸಿದ ಧೂಳಾದರೂ ಎಲೆಗೆ ವ್ಯತ್ಯಾಸ ತಿಳಿಯದು. ದರೋಜಿ ಕರಡಿಧಾಮದಂಥ ಕುರುಚಲು ಕಾಡಿನಲ್ಲಿ ಕರಡಿಯ ಊಟವೇ ಹುತ್ತದ ಗೆದ್ದಲು, ಇರುವೆ, ಜೇನು, ಜಾನೆ, ಕವಳೆ, ಬಾರೆಯಂಥ ಹಣ್ಣುಗಳು. ದಾರಿಯ ಎರಡೂ ಬದಿಯ ಗಿಡಗಳು ಸೊರಗಿದರೆ ಆ ಊಟದ ತಟ್ಟೆಯಿಂದ ಒಂದು ಪಟ್ಟಿಯನ್ನು ನಾವು ಕತ್ತರಿಸಿದಂತೆಯೇ ಆಗುತ್ತದೆ. ಗರಸು ಹಾಕಿದ ದಾರಿಯಲ್ಲಿ ಧೂಳು ಏಳುವುದು ಚಕ್ರದಿಂದ. ಎಂಜಿನ್ ಯಾವುದೆಂಬುದರಿಂದ ಅದು ಕಡಿಮೆಯಾಗುವುದಿಲ್ಲ. ಬ್ಯಾಟರಿಯ ಭಾರದಿಂದ ವಿದ್ಯುತ್ ವಾಹನವು ಅದೇ ಗಾತ್ರದ ಪೆಟ್ರೋಲ್ ವಾಹನಕ್ಕಿಂತ ತುಸು ತೂಕವಾಗಿಯೇ ಇರುತ್ತದೆ. ಆದ್ದರಿಂದ ನಿಮ್ಮ ಮಕ್ಕಳು ನುಂಗಿದ ಧೂಳಿಗೆ ಮದ್ದು ಎರಡೇ: ವೇಗವನ್ನು ಗಂಟೆಗೆ 20 ಕಿಲೋಮೀಟರಿಗೆ ಇಳಿಸುವುದು, ಚಕ್ರಗಳ ಸಂಖ್ಯೆಯನ್ನೇ ಇಳಿಸುವುದು. ಡಾಂಬರು ಹಾಕಿಬಿಟ್ಟರೆ ಧೂಳೇ ಇರುವುದಿಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ವನ್ಯಧಾಮದ ಒಳಗೆ ಡಾಂಬರು ಹಾಕುವುದಕ್ಕೆ ನನ್ನ ಸ್ಪಷ್ಟ ವಿರೋಧವಿದೆ. ಡಾಂಬರು ಬಿದ್ದ ದಿನದಿಂದ ವೇಗ ಏರುತ್ತದೆ, ಮತ್ತು ಬಿಸಿಲಿಗೆ ಕಾದ ಡಾಂಬರು ಸಂಜೆಯ ಮೇಲೆ ಹಾವು, ಹಲ್ಲಿ, ನತ್ತಿಂಗ ಹಕ್ಕಿಗಳನ್ನು ಬೆಚ್ಚಗೆ ಕರೆದು ಚಕ್ರದಡಿ ಕೂರಿಸುತ್ತದೆ.

ಎರಡನೆಯದು ಹೊತ್ತು. ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮವನ್ನೇ ನೋಡಿ. ಹಗಲಿನ ಬಿಸಿಲಿಗೆ ಬಂಡೆಗಳ ಗವಿಗಳಲ್ಲಿ ಮಲಗಿರುವ ಕರಡಿಗಳು ಹೊತ್ತು ಇಳಿದ ಮೇಲೆ ಗುಡ್ಡದಿಂದ ಕೆಳಗೆ ಬರುತ್ತವೆ. ಪ್ರವಾಸಿಗರು ವೀಕ್ಷಣಾ ಗೋಪುರದಲ್ಲಿ ಕಾದು ಕೂರುವುದೂ ಆ ಹೊತ್ತಿಗಾಗಿಯೇ. ಕರಡಿಯ ಮೂಗು ಬಹಳ ಚುರುಕು, ಕಣ್ಣು ಮಂದ. ಅದು ಗುಡ್ಡ ಇಳಿದು ಹೊಲಗಳ ಕಡೆಗೋ ನೀರಿನ ಕಡೆಗೋ ನಡೆಯತೊಡಗುವ ಗಳಿಗೆಯಲ್ಲಿಯೇ, ನೋಡುವುದು ಮುಗಿಯಿತೆಂದು ಎಲ್ಲ ಕಾರುಗಳೂ ಒಮ್ಮೆಗೇ ಹೊರಡುತ್ತವೆ. ಮುಸ್ಸಂಜೆಯಲ್ಲಿ ಕಪ್ಪು ಕರಡಿ ಕಪ್ಪು ರಸ್ತೆಯ ಮೇಲೆ ಕಾಣುವುದಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ವಾಹನ, ಚಾಲಕ ಪ್ರಾಣಿಯನ್ನು ಕಂಡು ಬ್ರೇಕ್ ಒತ್ತಿ ನಿಲ್ಲುವಷ್ಟರಲ್ಲಿ 40 ಮೀಟರ್ ದಾಟಿರುತ್ತದೆ; 20 ಕಿಲೋಮೀಟರ್ ವೇಗದಲ್ಲಿದ್ದರೆ ಎಂಟೊಂಬತ್ತು ಮೀಟರಿನಲ್ಲಿ ನಿಲ್ಲುತ್ತದೆ. ತಗ್ಗಿಸಿದ ದೀಪದ ಬೆಳಕು ಹಾಯುವ ದೂರವೂ ಹೆಚ್ಚುಕಡಿಮೆ ಆ 40 ಮೀಟರ್ ಮಾತ್ರ. ಇಲ್ಲಿ ಬದುಕಿಗೂ ಸಾವಿಗೂ ನಡುವಿನ ಅಂತರ ಕೇವಲ ಬ್ರೇಕಿನ ಲೆಕ್ಕ. ಸದ್ದಿಲ್ಲದ ವಿದ್ಯುತ್ ವಾಹನ ಇಲ್ಲಿ ಒಂದು ರೀತಿಯಲ್ಲಿ ಹೆಚ್ಚು ಅಪಾಯಕಾರಿಯಾಗಬಹುದು, ಏಕೆಂದರೆ ಕಣ್ಣು ಮಂದವಾದ ಪ್ರಾಣಿಗೆ ಬರುವ ವಾಹನದ ಸುಳಿವು ಕೊಡುತ್ತಿದ್ದ ಎಂಜಿನ್ ಸದ್ದೂ ಇಲ್ಲದಂತಾಗುತ್ತದೆ. ವೇಗ ತಗ್ಗಿದ್ದಾಗ ಮಾತ್ರ ಮೌನ ಒಳ್ಳೆಯದು.

ಹೊತ್ತನ್ನು ನಿಯಂತ್ರಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಸಾಕ್ಷಿಯಿದೆ. ಬಂಡೀಪುರದ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನ ಸಂಚಾರವಿಲ್ಲ. ಆಂಬುಲೆನ್ಸ್ ಮತ್ತು ಬೆರಳೆಣಿಕೆಯ ಬಸ್ಸುಗಳಿಗೆ ಮಾತ್ರ ದಾರಿ ಬಿಡುತ್ತಾರೆ. ಎಷ್ಟು ವಿರೋಧ ಬಂದರೂ ಆ ನಿರ್ಬಂಧ ಉಳಿದುಕೊಂಡದ್ದು, ರಾತ್ರಿ ವಾಹನಕ್ಕೆ ಸಿಕ್ಕು ಸಾಯುತ್ತಿದ್ದ ಪ್ರಾಣಿಗಳ ಸಂಖ್ಯೆ ತಗ್ಗಿದ್ದು ಎದ್ದು ಕಾಣುತ್ತಿದ್ದುದರಿಂದ. ದರೋಜಿಯಂಥ ಸಣ್ಣ ಧಾಮಕ್ಕೆ ಅಷ್ಟು ದೊಡ್ಡ ಆದೇಶ ಬೇಕಾಗಿಲ್ಲ. ಕಡೆಯ ವಾಹನ ಸೂರ್ಯಾಸ್ತಕ್ಕೆ ಮೊದಲೇ ಹೊರಡಬೇಕು, ಹೊರಡುವಾಗ ಎಲ್ಲ ವಾಹನಗಳೂ ಇಲಾಖೆಯ ಒಂದು ವಾಹನದ ಹಿಂದೆ ಸಾಲಾಗಿ, ಒಂದೇ ವೇಗದಲ್ಲಿ ಹೋಗಬೇಕು. ಇಷ್ಟು ಮಾಡಿದರೂ ಹಿಂದಿರುಗುವ ಅವಸರದಲ್ಲಿ ಆಗುವ ಅನಾಹುತದ ದೊಡ್ಡ ಪಾಲು ನಿಲ್ಲುತ್ತದೆ.

ಮೂರನೆಯದು, ಮತ್ತು ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ದೊಡ್ಡದು, ವಾಹನ ನಿಲ್ಲುವ ಜಾಗ. ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಹಂಪಿಯ ವಿಠ್ಠಲ ದೇವಾಲಯಕ್ಕೆ ಹೋದವರೆಲ್ಲ ಸುಮಾರು ಒಂದು ಕಿಲೋಮೀಟರ್ ಹಿಂದೆಯೇ ಕಾರು ಬಸ್ಸು ಬಿಟ್ಟು, ಬ್ಯಾಟರಿ ವಾಹನ ಹತ್ತಿಯೋ ನಡೆದೋ ಕಲ್ಲಿನ ತೇರಿನ ಹತ್ತಿರ ಹೋಗಿದ್ದಾರೆ. ಆ ವಾಹನಗಳನ್ನು ಸ್ಥಳೀಯ ಹೆಣ್ಣುಮಕ್ಕಳು ನಡೆಸುವುದನ್ನು ನಿಮ್ಮ ವಿದ್ಯಾರ್ಥಿನಿಯರೂ ನೋಡಿರುತ್ತಾರೆ. ಅಲ್ಲಿ ದೇವಾಲಯದ ಸುತ್ತ ಹೊಗೆ, ಹಾರನ್ನು, ಅದುರುವಿಕೆ ಇಲ್ಲದಿರುವುದಕ್ಕೆ ಬ್ಯಾಟರಿ ಕಾರಣ ಎಂದು ಎಲ್ಲರೂ ಹೇಳುತ್ತಾರೆ. ನಾನು ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಅಲ್ಲಿ ಕೆಲಸ ಮಾಡಿದ್ದು ಒಂದು ಕಿಲೋಮೀಟರ್ ದೂರದ ಆ ನಿಲುಗಡೆ. ಬ್ಯಾಟರಿಯ ಬದಲು ಅಲ್ಲಿ ಎತ್ತಿನಗಾಡಿ ಇದ್ದಿದ್ದರೂ ನೂರಾರು ಕಾರುಗಳು ದೇವಾಲಯದ ಗೋಡೆಗೆ ಒರಗಿ ನಿಲ್ಲುವುದು ತಪ್ಪುತ್ತಿತ್ತು.

ಅಮೆರಿಕದ ಜಿಯಾನ್ ರಾಷ್ಟ್ರೀಯ ಉದ್ಯಾನದ ಕಥೆ ಈ ಮಾತನ್ನು ಗಟ್ಟಿಗೊಳಿಸುತ್ತದೆ. ಕಡಿದಾದ ಬಂಡೆಗಳ ನಡುವಿನ ಇಕ್ಕಟ್ಟಾದ ಆ ಕಣಿವೆಯಲ್ಲಿ ಕಾರುಗಳಿಗೆ ನಿಲ್ಲಲು ಜಾಗವೇ ಇಲ್ಲದೆ, ಜನ ರಸ್ತೆಬದಿಯ ಗಿಡಗಳ ಮೇಲೆಯೇ ಗಾಡಿ ಹತ್ತಿಸುತ್ತಿದ್ದರು. 2000ನೇ ಇಸವಿಯಿಂದ ಪ್ರವಾಸದ ತಿಂಗಳುಗಳಲ್ಲಿ ಖಾಸಗಿ ಕಾರುಗಳನ್ನು ಕಣಿವೆಯ ಹೊರಗೇ ತಡೆದು, ಪಕ್ಕದ ಊರಿನಿಂದಲೂ ಉದ್ಯಾನದ ಬಾಗಿಲಿನಿಂದಲೂ ಬಸ್ಸುಗಳನ್ನು ಓಡಿಸತೊಡಗಿದರು. ಆ ಬಸ್ಸುಗಳು ಆಗ ಪ್ರೊಪೇನ್ ಅನಿಲದಿಂದ ಓಡುತ್ತಿದ್ದವು. ಅವೆಲ್ಲವೂ ವಿದ್ಯುತ್ ಬಸ್ಸುಗಳಾದದ್ದು 2024ರಲ್ಲಿ. ಅಂದರೆ ಮೊದಲು ಕಾರುಗಳನ್ನು ಹೊರಗಿಟ್ಟು, ಕಣಿವೆಗೆ ಅದರ ಮೌನವನ್ನು ಹಿಂದಿರುಗಿಸಿ, ಇಪ್ಪತ್ತನಾಲ್ಕು ವರ್ಷಗಳ ನಂತರ ಬ್ಯಾಟರಿಗೆ ಬಂದರು. ಅಲಾಸ್ಕಾದ ಡೆನಾಲಿಯಲ್ಲಿ ಇನ್ನೂ ಮೊದಲೇ, 1972ರಲ್ಲಿ, ಹೊಸ ಹೆದ್ದಾರಿ ಬಂದು ಜನ ನುಗ್ಗುವರೆಂದು ಮುಂಗಂಡು, ಸುಮಾರು 148 ಕಿಲೋಮೀಟರಿನ ಒಳದಾರಿಯಲ್ಲಿ ಮೊದಲ 24 ಕಿಲೋಮೀಟರಿಗೆ ಮಾತ್ರ ಖಾಸಗಿ ವಾಹನ ಬಿಟ್ಟು ಮುಂದಕ್ಕೆಲ್ಲ ಬಸ್ಸು ಎಂದು ಗೊತ್ತುಮಾಡಿದರು. ನುಗ್ಗಿದ ಮೇಲೆ ತಡೆಯುವುದಕ್ಕಿಂತ ನುಗ್ಗುವ ಮೊದಲು ತಡೆಯುವುದು ಎಷ್ಟು ಸುಲಭ ಎಂಬುದನ್ನು ಬಂಕಾಪುರದ ವಿಚಾರಕ್ಕೆ ಬಂದಾಗ ನೆನಪಿಡಿ. ನಮ್ಮ ನೆರೆಯ ಕೇರಳದಲ್ಲಿ ಮುನ್ನಾರಿನ ಬಳಿಯ ಎರವಿಕುಳಂ ಉದ್ಯಾನಕ್ಕೂ ಇದೇ ಪದ್ಧತಿಯಿದೆ: ಖಾಸಗಿ ವಾಹನ ಕೆಳಗೇ ನಿಲ್ಲುತ್ತದೆ, ಇಲಾಖೆಯ ಬಸ್ಸು ಮೇಲೆ ಕರೆದೊಯ್ಯುತ್ತದೆ, ಮತ್ತು ವರಯಾಡು ಎಂಬ ಕಾಡುಮೇಕೆಗಳು ಮರಿ ಹಾಕುವ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಪ್ರವಾಸಿಗರಿಗೆ ಬಾಗಿಲೇ ತೆರೆಯುವುದಿಲ್ಲ.

ಹೀಗೆ ಕಾರು ನಿಲ್ಲಿಸುವ ಮಾತು ಬಂದಾಗಲೆಲ್ಲ ನಮ್ಮ ಕಡೆ ಏಳುವ ಮೊದಲ ಪ್ರಶ್ನೆ ಟಂಟಂ, ಆಟೊ, ಕ್ರೂಸರ್ ಓಡಿಸುವವರ ಹೊಟ್ಟೆಪಾಡಿನದು. ಅದು ನ್ಯಾಯವಾದ ಪ್ರಶ್ನೆ, ಮತ್ತು ಅದಕ್ಕೆ ಉತ್ತರ ಕೊಡದೆ ಮಾಡಿದ ಯಾವ ವ್ಯವಸ್ಥೆಯೂ ಉಳಿಯುವುದಿಲ್ಲ. ಸಾಲ ಮಾಡಿ ವಾಹನ ಕೊಂಡ ಯುವಕನಿಗೆ ಏಕಾಏಕಿ ಬಾಗಿಲು ಮುಚ್ಚಿದರೆ ಅವನು ಹಿಂದಿನ ಹೊಲದ ದಾರಿ ಹುಡುಕಿಕೊಳ್ಳುತ್ತಾನೆ, ಆಗ ಕಾಡಿಗೆ ಮೊದಲಿಗಿಂತ ಹೆಚ್ಚಿನ ಹಾನಿ. ಬದಲಾಗಿ ಊರಿನ ನಿಲ್ದಾಣದಿಂದ ನಿಲುಗಡೆಯವರೆಗಿನ ದಾರಿಯನ್ನು ಸ್ಥಳೀಯ ಚಾಲಕರಿಗೇ ಸರದಿಯ ಮೇಲೆ, ಗೊತ್ತಾದ ದರಕ್ಕೆ ಬಿಟ್ಟುಕೊಡಬೇಕು. ಒಳಗೆ ಓಡುವ ವಾಹನಗಳಿಗೂ ಅವರಲ್ಲಿಂದಲೇ ಚಾಲಕರನ್ನು ಆರಿಸಿ, ಪಕ್ಷಿ, ಪ್ರಾಣಿ, ಗಿಡಗಳ ಪರಿಚಯ ಮಾಡಿಸಿ, ಚಾಲಕನೇ ಮಾರ್ಗದರ್ಶಿಯೂ ಆಗುವಂತೆ ತರಬೇತಿ ಕೊಡಬೇಕು. ನಡೆಯಲಾಗದ ಹಿರಿಯರಿಗೆ, ಅಂಗವಿಕಲರಿಗೆ ಬಾಗಿಲವರೆಗೆ ಹೋಗುವ ಅವಕಾಶವನ್ನು ಆರಂಭದಲ್ಲಿಯೇ ಬರೆದಿಡಬೇಕು.

ಸಂಖ್ಯೆಯ ವಿಚಾರ. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ 2012ರಲ್ಲಿ ಹುಲಿ ಮೀಸಲು ಪ್ರದೇಶಗಳ ಪ್ರವಾಸೋದ್ಯಮಕ್ಕೆ ಮಾಡಿದ ಮಾರ್ಗಸೂಚಿಯಲ್ಲಿ, ಹುಲಿಗಳ ಮುಖ್ಯ ಆವಾಸದ ಶೇ 20ಕ್ಕಿಂತ ಹೆಚ್ಚಿನ ಭಾಗಕ್ಕೆ ಪ್ರವಾಸಿಗರನ್ನು ಬಿಡಬಾರದೆಂದೂ, ವಾಹನ ಪ್ರಾಣಿಯಿಂದ ಕನಿಷ್ಠ 20 ಮೀಟರ್ ದೂರದಲ್ಲಿರಬೇಕೆಂದೂ ಹೇಳಿದೆ. ಒಂದು ದಿನಕ್ಕೆ ಎಷ್ಟು ವಾಹನ ಎಂಬುದನ್ನು ಬೇಡಿಕೆ ನೋಡಿ ಗೊತ್ತುಮಾಡುವ ಬದಲು ದಾರಿಯ ಉದ್ದ, ವಾಹನಗಳ ನಡುವೆ ಇರಬೇಕಾದ ಅಂತರ, ತೆರೆದಿರುವ ಗಂಟೆಗಳು, ಮಳೆ ಮತ್ತು ಮರಿ ಹಾಕುವ ಕಾಲ ಇವುಗಳಿಂದ ಲೆಕ್ಕ ಕಟ್ಟುವ ವಿಧಾನವೂ ಅದರಲ್ಲಿದೆ. ನಮ್ಮ ಧಾಮಗಳು ಹುಲಿ ಮೀಸಲುಗಳಲ್ಲವಾದ್ದರಿಂದ ಈ ಮಾರ್ಗಸೂಚಿ ಇಲ್ಲಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಅಳತೆಗೋಲಾಗಿ ಅದನ್ನು ಹಿಡಿದುಕೊಳ್ಳಲು ಅಡ್ಡಿಯಿಲ್ಲ. ಮುಂಗಡ ನೋಂದಣಿ ಕಷ್ಟ ಎನ್ನುವವರಿಗೆ, ನೀಲಗಿರಿ ಮತ್ತು ಕೊಡೈಕೆನಾಲ್‌ಗೆ ಹೋಗುವ ವಾಹನಗಳಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಮೇ 2024ರಿಂದ ಇ-ಪಾಸ್ ಜಾರಿಯಲ್ಲಿದೆ ಎಂಬುದನ್ನು ನೆನಪಿಸಬಹುದು. ಇಡೀ ಬೆಟ್ಟಸಾಲಿಗೆ ಮಾಡಲಾಗುವುದನ್ನು ಒಂದು ಗೇಟಿಗೆ ಮಾಡುವುದು ಕಷ್ಟವಲ್ಲ.

ಸಣ್ಣ ಸಂಗತಿಗಳೂ ಇವೆ. ನಿಂತಲ್ಲಿಯೇ ಎಂಜಿನ್ ಓಡಿಸಿ ಹವಾನಿಯಂತ್ರಣ ಹಾಕಿಕೊಂಡು ಕೂರುವುದನ್ನು ಬಿಡಿಸಬೇಕು. ಒಣಹುಲ್ಲಿನ ಮೇಲೆ ಕಾರು ನಿಲ್ಲಿಸಿದರೆ ಕಾದ ಹೊಗೆಕೊಳವೆಯಿಂದ ಬೆಂಕಿ ಹತ್ತುವ ಸಂಭವವಿದೆ; ಫೆಬ್ರುವರಿಯಿಂದ ಮೇ ತನಕ ನಮ್ಮ ಗುಡ್ಡಗಳು ಕಡ್ಡಿ ಗೀರಲು ಕಾದಿರುವಂತಿರುತ್ತವೆ. ಚಕ್ರಕ್ಕೆ ಮೆತ್ತಿದ ಕೆಸರಿನಲ್ಲಿ ಪಾರ್ಥೇನಿಯಂ ಬೀಜ ಕಾಡಿನೊಳಗೆ ಸಾಗುತ್ತದೆ. ಕೊರೆಯುವ ಬೇರಿನ ಒಂದು ಜಾಲಿಗೆ ಕನ್ನಡನಾಡೆಲ್ಲ ಬಳ್ಳಾರಿ ಜಾಲಿ ಎಂದು ನಮ್ಮ ಊರಿನ ಹೆಸರನ್ನೇ ಅಂಟಿಸಿದೆ, ಹೊರಗಿನಿಂದ ಬಂದ ಗಿಡ ಒಮ್ಮೆ ಬೇರೂರಿದರೆ ಏನಾಗುತ್ತದೆಂದು ನಮಗಿಂತ ಚೆನ್ನಾಗಿ ಬಲ್ಲವರಿಲ್ಲ.

ನದಿಯ ವಿಚಾರವನ್ನು ನೀವು ಕೇಳಿಲ್ಲ, ಆದರೆ ನಿಮ್ಮ ಶಾಲೆಗೆ ಅದು ಕರಡಿಧಾಮಕ್ಕಿಂತ ಹತ್ತಿರ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ತುಂಗಭದ್ರೆಯ 34 ಕಿಲೋಮೀಟರ್ ಹರಿವು 2015ರಿಂದ ನೀರುನಾಯಿಗಳ ಸಂರಕ್ಷಣಾ ಮೀಸಲು. ಇಲ್ಲಿ ನಮ್ಮ ಹಿರಿಯರು ಕೊಟ್ಟುಹೋದ ವಾಹನವೊಂದಿದೆ, ಅದು ಹರಿಗೋಲು. ಇಂಧನ ಬೇಡ, ಸದ್ದಿಲ್ಲ, ಒಂದು ಹುಟ್ಟು ಸಾಕು. ಇದಕ್ಕೆ ಮೋಟಾರು ಕಟ್ಟುವ ಆಸೆಯನ್ನು ಬಿಡಬೇಕು, ಹಾಡು ಹಾಕುವ ಪೆಟ್ಟಿಗೆಯನ್ನು ದಡದಲ್ಲೇ ಬಿಡಬೇಕು. ಆದರೆ ಹರಿಗೋಲೂ ನಡುಗಡ್ಡೆಯ ಬಂಡೆಗಳಿಗೆ ತಾಗಿ ಜನರನ್ನು ಇಳಿಸಿದರೆ ಅಲ್ಲಿ ಬಿಲದಲ್ಲಿರುವ ನೀರುನಾಯಿಯ ಮರಿಗಳಿಗೆ ಮೋಟಾರು ದೋಣಿಯಷ್ಟೇ ಕೇಡು. ಶೂನ್ಯ ಹೊಗೆಯ ವಾಹನವೂ ತಪ್ಪು ಜಾಗದಲ್ಲಿ ನಿಂತರೆ ತಪ್ಪೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಮಕ್ಕಳಿಗೆ ಸಿಗದು.

ಈಗ ಬಂಕಾಪುರ. ಇದು ಕರ್ನಾಟಕದ ಮೊದಲ ತೋಳಧಾಮ, ವಿಸ್ತೀರ್ಣ 332.68 ಹೆಕ್ಟೇರ್. ಚೌಕವಾಗಿದ್ದರೆ ಒಂದು ಬದಿ ಎರಡು ಕಿಲೋಮೀಟರೂ ಆಗದಷ್ಟು ಸಣ್ಣದು. ಇದರೊಳಗೆ ಒಂದು ಕಿಲೋಮೀಟರ್ ಸಫಾರಿ ದಾರಿ ಮಾಡಿ, ವಾಹನದ ಸದ್ದು, ವಾಸನೆ, ಮನುಷ್ಯರ ಸುಳಿವು ದಾರಿಯ ಎರಡೂ ಬದಿಗೆ 250 ಮೀಟರ್ ತಟ್ಟುತ್ತದೆ ಎಂದಿಟ್ಟುಕೊಂಡರೆ 50 ಹೆಕ್ಟೇರ್, ಅಂದರೆ ಧಾಮದ ಶೇ 15 ಭಾಗ, ತೋಳಕ್ಕೆ ಇದ್ದೂ ಇಲ್ಲದಂತಾಗುತ್ತದೆ. ದಾರಿ ಎರಡು ಕಿಲೋಮೀಟರ್ ಆದರೆ ಶೇ 30. ಮೇಲೆ ಹೇಳಿದ ಶೇ 20ರ ಮಿತಿಯನ್ನು ಅದು ಮೀರಿತು. ಬಯಲಿನಲ್ಲಿ ಮರೆಯಿಲ್ಲ, ಮಲೆನಾಡಿನ ಕಾಡಿನಲ್ಲಿ ನೂರು ಹೆಜ್ಜೆಗೆ ಮಾಯವಾಗುವ ಜೀಪು ಇಲ್ಲಿ ಅರ್ಧ ಮೈಲಿಯಿಂದ ಕಾಣುತ್ತದೆ. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ: ನಮ್ಮ ಬಯಲುಸೀಮೆಯ ತೋಳ ಮರಿ ಹಾಕುವುದು ಚಳಿಗಾಲದಲ್ಲಿ. ಹಂಪಿ, ಆನೆಗೊಂದಿ, ಅಂಜನಾದ್ರಿಗೆ ಜನ ಕಿಕ್ಕಿರಿಯುವುದೂ ಅದೇ ತಿಂಗಳುಗಳಲ್ಲಿ. ಅಂದರೆ ಸಫಾರಿಗೆ ಅತಿ ಹೆಚ್ಚು ಬೇಡಿಕೆ ಬರುವ ಹೊತ್ತಿಗೆ ಗುದ್ದು ಎನ್ನುವ ಬಿಲಗಳಲ್ಲಿ ಕಣ್ಣು ತೆರೆಯದ ಮರಿಗಳಿರುತ್ತವೆ. ಗುದ್ದಿನ ಬಳಿ ಮನುಷ್ಯರ ಓಡಾಟ ಹೆಚ್ಚಾದರೆ ತಾಯಿ ಮರಿಗಳನ್ನು ಕಚ್ಚಿಕೊಂಡು ಬೇರೆಡೆಗೆ ಸಾಗಿಸುತ್ತದೆ, ಆ ಬೇರೆಡೆ ಎಂಬುದು ಧಾಮದ ಗಡಿಯ ಹೊರಗಿನ ಯಾರದೋ ಹೊಲವಾಗಿರುತ್ತದೆ.

ಆದ್ದರಿಂದ ಪಂಚಾಯಿತಿಯವರು ಕೇಳಿದರೆ, ಬಂಕಾಪುರದ ಒಳಗೆ ಯಾವ ಇಂಧನದ ಸಫಾರಿ ವಾಹನವೂ ಬೇಡ ಎಂದು ಹೇಳಿ. ಪ್ರವಾಸಿಗರೇ ಬೇಡ ಎಂದು ಮಾತ್ರ ಹೇಳಬೇಡಿ, ಏಕೆಂದರೆ ಧಾಮದಿಂದ ಊರಿಗೆ ಏನೂ ಬರುವುದಿಲ್ಲ ಎನಿಸಿದರೆ ಧಾಮವನ್ನು ಕಾಯುವವರು ಕಡಿಮೆಯಾಗುತ್ತಾರೆ. ಗಡಿಯ ಹೊರಗೆ ಊರಿನ ಪಕ್ಕದಲ್ಲಿ ನಿಲುಗಡೆ, ಅಲ್ಲಿಂದ ಗಡಿಯಂಚಿನ ಎತ್ತರದ ಜಾಗವೊಂದಕ್ಕೆ ಸಣ್ಣ ಗುಂಪುಗಳ ಕಾಲ್ನಡಿಗೆ, ಅಲ್ಲಿ ಮರೆಗಟ್ಟಿದ ವೀಕ್ಷಣಾ ತಾಣ, ಚಳಿಗಾಲದ ಮರಿಗಳ ಕಾಲಕ್ಕೆ ಪೂರ್ಣ ವಿರಾಮ. ಗುಂಪಿನ ಜೊತೆ ಹೋಗಲು ಅಲ್ಲಿಯ ಕುರಿಗಾಹಿಗಳಿಗಿಂತ ಉತ್ತಮ ಮಾರ್ಗದರ್ಶಿಗಳಿಲ್ಲ. ಅವರು 'ತ್ವಾಳ' ಎಂದು ಕರೆಯುವ ಆ ಪ್ರಾಣಿಗೆ ತಲೆತಲಾಂತರದಿಂದ ಕುರಿಮರಿ ಕಳೆದುಕೊಂಡೂ ಅದರ ಜೊತೆ ಬದುಕಿದವರು ಅವರು. ಅದರ ಹೆಜ್ಜೆ, ಗುದ್ದು, ಓಡಾಟದ ದಾರಿ ಅವರಿಗೆ ಗೊತ್ತಿರುವಷ್ಟು ನಮ್ಮಂಥವರಿಗೆ ಗೊತ್ತಿಲ್ಲ. ಮಾರ್ಗದರ್ಶನದ ಹಣ ಅವರಿಗೆ ಹೋಗುವುದು ನ್ಯಾಯವೂ ಹೌದು.

ಪಂಚಾಯಿತಿಗೆ ಬರಿಯ ಅಭಿಪ್ರಾಯಕ್ಕಿಂತ ಲೆಕ್ಕ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಆ ಲೆಕ್ಕವನ್ನು ನಿಮ್ಮ ಮಕ್ಕಳು ತೆಗೆಯಬಹುದು. ಮುಂದಿನ ಪ್ರವಾಸದ ದಿನ ಅನುಮತಿ ಪಡೆದು, ಗೇಟಿನ ಹೊರಗೆ ನೆರಳಿನಲ್ಲಿ ನಾಲ್ಕು ಮಕ್ಕಳನ್ನು ಒಬ್ಬ ಶಿಕ್ಷಕರ ಜೊತೆ ಎರಡು ಗಂಟೆ ಕೂರಿಸಿ. ಬಂದ ವಾಹನದ ಬಗೆ, ಒಳಗಿದ್ದ ಜನರ ಸಂಖ್ಯೆ, ಬಂದ ಹೊತ್ತು, ಹೊರಟ ಹೊತ್ತು, ಎಂಜಿನ್ ಓಡುತ್ತಲೇ ನಿಂತ ನಿಮಿಷಗಳು, ಇಷ್ಟನ್ನು ಬರೆದುಕೊಳ್ಳಲಿ. ವಾಹನಗಳ ನೋಂದಣಿ ಸಂಖ್ಯೆಯಾಗಲಿ ಯಾರ ಹೆಸರಾಗಲಿ ಬೇಡ. ಇನ್ನೊಂದು ಗುಂಪು ದಾರಿಯಂಚಿನ ಗಿಡದ ಐದು ಎಲೆ, ಐವತ್ತು ಹೆಜ್ಜೆ ಒಳಗಿನ ಅದೇ ಜಾತಿಯ ಗಿಡದ ಐದು ಎಲೆಗಳನ್ನು ಕೀಳದೆ ಬಿಳಿ ಬಟ್ಟೆಯಿಂದ ಒರೆಸಿ, ಎರಡು ಬಟ್ಟೆಗಳನ್ನೂ ಪಕ್ಕಪಕ್ಕದಲ್ಲಿ ರಟ್ಟಿಗೆ ಅಂಟಿಸಲಿ. ಆಸನಗಳಲ್ಲಿ ಎಷ್ಟು ಖಾಲಿ ಬಂದವು, ಸೂರ್ಯಾಸ್ತದ ಸುತ್ತಲಿನ ಅರ್ಧ ಗಂಟೆಯಲ್ಲಿ ಎಷ್ಟು ವಾಹನ ಹೊರಟವು, ಈ ಎರಡು ಅಂಕಿಗಳ ಪಕ್ಕದಲ್ಲಿ ಆ ಎರಡು ಬಟ್ಟೆ ತುಂಡುಗಳನ್ನಿಟ್ಟು ಪಂಚಾಯಿತಿಯ ಸಭೆಗೆ ಒಯ್ಯಿರಿ. ಪ್ರಶ್ನೆ ಕೇಳಿದ ಆ ಹುಡುಗಿಯೇ ಅದನ್ನು ಓದಿ ಹೇಳಲಿ.